ಗ್ಯಾರೇಜಿನಲ್ಲಿ ಬ್ಲಾಂಡ್ ಏಲ್: ಬ್ಯಾಂಡೇಜ್ ವಾಸನೆ ಹುಡುಕಿ ತೆಗೆದ ಕೆಲಸದ ದಿನಚರಿ

ಹೋದ ಜುಲೈಯಲ್ಲಿ 48 ಬಾಟಲಿ ಬಿಯರನ್ನು ಅಡುಗೆಮನೆಯ ಸಿಂಕಿಗೆ ಸುರಿದೆ. ಒಂದೊಂದೇ ಮುಚ್ಚಳ ತೆಗೆದು, ಮೂಸಿ ನೋಡಿ, ಆಮೇಲೆ ಸುರಿದೆ. ಎಲ್ಲದರಲ್ಲೂ ಒಂದೇ ವಾಸನೆ. ಗಾಯಕ್ಕೆ ಹಚ್ಚಿದ ಪಟ್ಟಿ ಬಿಚ್ಚಿದಾಗ ಬರುತ್ತದಲ್ಲ, ಅದು. ಮೊದಲ ಬಾಟಲಿ ತೆರೆದ ದಿನ ನನಗೆ ಏನೋ ಸರಿಯಿಲ್ಲ ಅಂತ ಮಾತ್ರ ಅನ್ನಿಸಿತ್ತು. ನನ್ನ ಹೆಂಡತಿ ಲೋಟ ಮೂಗಿನ ಹತ್ತಿರ ಹಿಡಿದವಳೇ "ಇದು ಬ್ಯಾಂಡೇಜ್ ವಾಸನೆ ಕಣ್ರೀ" ಅಂದಳು. ಹೆಸರು ಸಿಕ್ಕ ಮೇಲೆ ಆ ಲೋಟದಲ್ಲಿ ಬೇರೆ ಯಾವ ರುಚಿಯೂ ನನಗೆ ಸಿಗಲಿಲ್ಲ.

ನಾವಿರುವುದು ಅಮೆರಿಕದ ಓರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್ ಹತ್ತಿರದ ಒಂದು ಸಣ್ಣ ಊರಿನಲ್ಲಿ. ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಬಹುದು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಅದಕ್ಕೆ ದಾರಿಯಾಯಿತು. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ಮಿತಿ, ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಇದನ್ನು ಮಾಡುವಂತಿಲ್ಲ. ಹಾಗಾಗಿ ಊರಿನಲ್ಲಿರುವವರು ಇದನ್ನು ಓದಿ ಪಾತ್ರೆ ಒಲೆಗೆ ಇಡಬೇಡಿ. ಆದರೆ ಬೆಂಗಳೂರಿನ ಬ್ರೂಪಬ್ಬಿನಲ್ಲಿ ಕೂತು ಬ್ಲಾಂಡ್ ಏಲ್ ಕುಡಿಯುವವರಿಗೆ, ಆ ಲೋಟದಲ್ಲಿ ಏನಿದೆ ಅಂತ ತಿಳಿಯಲು ಇದು ಉಪಯೋಗಕ್ಕೆ ಬಂದೀತು. ನಾನೂ 'ಬ್ಲಾಂಡ್' ಅನ್ನುವ ಹೆಸರನ್ನು ಮೊದಲು ಕೇಳಿದ್ದು ಇಂದಿರಾನಗರದ ಟಾಯ್ಟ್‌ನಲ್ಲಿ. ಅಲ್ಲಿ ಬಾಸ್ಮತಿ ಅಕ್ಕಿ ಹಾಕಿ ಮಾಡಿದ 'ಬಾಸ್ಮತಿ ಬ್ಲಾಂಡ್' ಇತ್ತು.

ಬ್ಲಾಂಡ್ ಏಲ್ ಅಂದರೆ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಅದು ಗೊತ್ತಿಲ್ಲದೆ ಮಾಡಲು ಹೊರಟಿದ್ದೇ ನನ್ನ ಮೊದಲ ತಪ್ಪು.

ಅಮೆರಿಕದಲ್ಲಿ ಸಣ್ಣ ಬ್ರೂವರಿಗಳು ಮತ್ತು ಬ್ರೂಪಬ್ಬುಗಳು ಬೆಳೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಬಗೆ ಇದು. ಪಬ್ಬಿಗೆ ಬರುವವರಿಗೆ ಗೊತ್ತಿದ್ದದ್ದು ತೆಳ್ಳಗಿನ ಲಾಗರ್. ಲಾಗರ್ ಮಾಡಬೇಕಾದರೆ ತಣ್ಣಗಿನ ಟ್ಯಾಂಕಿನಲ್ಲಿ ವಾರಗಟ್ಟಲೆ ಇಡಬೇಕು. ಚಿಕ್ಕ ಪಬ್ಬಿಗೆ ಅಷ್ಟು ಟ್ಯಾಂಕ್ ಎಲ್ಲಿಂದ ಬರಬೇಕು? ಅದಕ್ಕೇ ಏಲ್ ಯೀಸ್ಟ್ ಹಾಕಿ, ಕೋಣೆಯ ಉಷ್ಣಾಂಶಕ್ಕಿಂತ ಸ್ವಲ್ಪ ಕಡಿಮೆಯಲ್ಲಿ ಬೇಗ ಹುದುಗಿಸಿ, ಲಾಗರಿನಷ್ಟೇ ಸಲೀಸಾಗಿ ಗಂಟಲಿಗಿಳಿಯುವ ಬಿಯರ್ ಮಾಡಿದರು. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿ ತನ್ನ 2021ರ ಕೈಪಿಡಿಯಲ್ಲಿ ಇದಕ್ಕೆ 18ಎ ಅಂತ ಸಂಖ್ಯೆ ಕೊಟ್ಟಿದೆ. ಆಲ್ಕೋಹಾಲ್ ಶೇ 3.8ರಿಂದ 5.5. ಕಹಿ 15ರಿಂದ 28 ಐಬಿಯು (ಕಹಿ ಅಳೆಯುವ ಮಾನ). ಬಣ್ಣ ತಿಳಿ ಹಳದಿಯಿಂದ ಗಾಢ ಬಂಗಾರದವರೆಗೆ. ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಸಿಹಿ ಒಂಚೂರು ಮುಂದೆ ಇರಬೇಕು. ಹಾಪ್ಸ್ (ಕಹಿ, ಕಂಪು ಕೊಡುವ ಬಳ್ಳಿಯ ಹೂ) ಇದೆ ಅಂತ ಗೊತ್ತಾಗಬೇಕು, ಆದರೆ ಅದೇ ಮಾತಾಡಬಾರದು.

ಓದಿದ್ದು ಸಾಲದು ಅಂತ ಆಗಸ್ಟಿನಲ್ಲಿ ನಾಲ್ಕು ಬಿಯರ್ ತಂದು ಪಕ್ಕಪಕ್ಕ ಸುರಿದು ಕೂತೆ. ಕ್ಯಾಲಿಫೋರ್ನಿಯದ ಫೈರ್‌ಸ್ಟೋನ್ ವಾಕರ್ ಅವರ 805, ಹವಾಯಿ ಹೆಸರಿನ ಕೋನಾ ಬಿಗ್ ವೇವ್, ಜರ್ಮನಿಯ ರೈಸ್‌ಡಾರ್ಫ್ ಕೋಲ್ಷ್, ಬೆಲ್ಜಿಯಂನ ಲೆಫ್ ಬ್ಲಾಂಡ್. ಇದನ್ನು ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ನಾಲ್ಕರ ಬಣ್ಣವೂ ದೂರದಿಂದ ಒಂದೇ ತರ. ಮೂಗು ಹತ್ತಿರ ಹೋದ ಕೂಡಲೇ ಲೆಫ್ ಬೇರೆ ಮನೆತನದ್ದು ಅಂತ ತಿಳಿಯುತ್ತದೆ. ಲವಂಗ, ಬಾಳೆಹಣ್ಣು, ಜೇನು. ಆಲ್ಕೋಹಾಲ್ ಶೇ 6.6. ಬೆಲ್ಜಿಯಂನ ಬ್ಲಾಂಡ್‌ನಲ್ಲಿ ಯೀಸ್ಟೇ ಹಾಡುವುದು. ಅಮೆರಿಕದ ಬ್ಲಾಂಡ್‌ನಲ್ಲಿ ಯೀಸ್ಟ್ ತೆರೆಯ ಹಿಂದೆ ಇರಬೇಕು. ಹೆಸರು ಒಂದೇ ಅಂತ ಎರಡನ್ನೂ ಒಂದೇ ಎಂದುಕೊಳ್ಳಬಾರದು. ಕೋಲ್ಷ್ ಇನ್ನೂ ಹತ್ತಿರದ ನೆಂಟ. ಕೊಲೋನ್ ನಗರದ್ದು. 1986ರ ಒಪ್ಪಂದದ ಪ್ರಕಾರ ಆ ನಗರ ಮತ್ತು ಸುತ್ತಮುತ್ತಲಿನ ಬ್ರೂವರಿಗಳಿಗೆ ಮಾತ್ರ ಆ ಹೆಸರು. ಅದೂ ಏಲ್ ಯೀಸ್ಟಿನಿಂದಲೇ ಆದದ್ದು, ಆದರೆ ಆಮೇಲೆ ತಣ್ಣಗೆ ಮಾಗಿಸುತ್ತಾರೆ. ನಾಲಿಗೆಯ ಮೇಲೆ ಒಣಗಿದ ಹಾಗೆ ಮುಗಿಯುತ್ತದೆ. 805 ಅದಕ್ಕಿಂತ ಮೆತ್ತಗೆ, ಬಿಸ್ಕತ್ತಿನ ಹಾಗೆ. ಬಿಗ್ ವೇವ್‌ನಲ್ಲಿ ಹಣ್ಣಿನ ಹಾಪ್ಸ್ ಸ್ವಲ್ಪ ಜಾಸ್ತಿ. ನನಗೆ ಬೇಕಾದದ್ದು 805ರ ಕಡೆಗೆ, ಕೊನೆಯಲ್ಲಿ ಕೋಲ್ಷ್‌ನ ಒಣಗುಣ ಚೂರು ಸೇರಿದ ಬಿಯರ್. ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಇಷ್ಟನ್ನು ಬರೆದಿಟ್ಟೆ.

ಇಂಥ ಬಿಯರನ್ನು ನಾನು ತಿಳಿಸಾರಿಗೆ ಹೋಲಿಸುತ್ತೇನೆ. ಹುಳಿಯಲ್ಲಿ ತರಕಾರಿ ಇದೆ, ಮಸಾಲೆ ಇದೆ, ಬೇಳೆ ಗಟ್ಟಿ ಇದೆ. ಒಂದು ಹೆಚ್ಚುಕಮ್ಮಿ ಆದರೂ ಇನ್ನೊಂದು ಮುಚ್ಚಿಕೊಳ್ಳುತ್ತದೆ. ತಿಳಿಸಾರಿನಲ್ಲಿ ಉಪ್ಪು ಒಂದು ಕಲ್ಲು ಜಾಸ್ತಿಯಾದರೂ ಮನೆಯವರಿಗೆಲ್ಲ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ನನ್ನ ಹಿಂದಿನ ಬಿಯರುಗಳಲ್ಲಿ ಈ ವಾಸನೆ ನನಗೆ ಸಿಕ್ಕಿರಲಿಲ್ಲ. ಅವು ಕರಿ ಸ್ಟೌಟ್, ಕಹಿ ಐಪಿಎ. ತಪ್ಪು ಆಗಲೂ ಇದ್ದಿರಬೇಕು, ಹುರಿದ ಮಾಲ್ಟ್ ಮತ್ತು ಹಾಪ್ಸ್ ಅದನ್ನು ಮುಚ್ಚಿದ್ದವು. ಬ್ಲಾಂಡ್ ಮಾಡಿದ ದಿನ ಹೊರಗೆ ಬಂತು.

ತಪ್ಪು ಎಲ್ಲಿದೆ: ಮೂರು ಜಾಡಿ

ಸುರಿದ ಬಿಯರಿನಲ್ಲಿ ವಾಸನೆಯ ಜೊತೆಗೆ ಇನ್ನೊಂದು ದೋಷ ಇತ್ತು. ನುಂಗಿದ ಮೇಲೆ ಗಂಟಲು ಬಿಸಿಯಾಗುತ್ತಿತ್ತು. ತೀರಾ ಮಾಗಿದ ಹಣ್ಣಿನ ಕಂಪು, ಅದರ ಹಿಂದೆ ಉಗುರುಬಣ್ಣ ತೆಗೆಯುವ ದ್ರವದ ಛಾಯೆ. ಎರಡೂ ಒಂದೇ ಕಾರಣದಿಂದ ಬಂದವೋ, ಬೇರೆ ಬೇರೆಯೋ? ಒಟ್ಟಿಗೆ ಎಲ್ಲವನ್ನೂ ಬದಲಾಯಿಸಿದರೆ ಮುಂದಿನ ಸಲ ಚೆನ್ನಾಗಿ ಬಂದರೂ ಯಾಕೆ ಬಂತು ಅಂತ ತಿಳಿಯುವುದಿಲ್ಲ. ಅದಕ್ಕೆ ಸಣ್ಣದಾಗಿ ಪರೀಕ್ಷೆ ಮಾಡಿದೆ.

ಒಂದು ಗ್ಯಾಲನ್ನಿನ ಮೂರು ಗಾಜಿನ ಜಾಡಿ. ಪ್ರತಿಯೊಂದಕ್ಕೂ ಮೂರೂವರೆ ಲೀಟರ್ ನೀರು, 350 ಗ್ರಾಂ ಒಣ ಮಾಲ್ಟ್ ಪುಡಿ, 5 ಗ್ರಾಂ ಹಾಪ್ಸ್. ಯೀಸ್ಟ್ ಒಂದೇ ಪೊಟ್ಟಣದಿಂದ, ತೂಗಿ ಹಂಚಿದ್ದು. ಮೊದಲ ಜಾಡಿಗೆ ನಲ್ಲಿ ನೀರು, ಎರಡನೆಯದಕ್ಕೆ ಅಂಗಡಿಯ ಡಿಸ್ಟಿಲ್ಡ್ ನೀರು, ಎರಡೂ ಗ್ಯಾರೇಜಿನ ಮೂಲೆಯಲ್ಲಿ. ಮೂರನೆಯದಕ್ಕೂ ಡಿಸ್ಟಿಲ್ಡ್ ನೀರೇ, ಆದರೆ ಅದನ್ನು ನೀರು ತುಂಬಿದ ಟಬ್ಬಿನಲ್ಲಿ ಇಟ್ಟು, ಬೆಳಿಗ್ಗೆ ಸಂಜೆ ಐಸ್ ಬಾಟಲಿ ಬದಲಾಯಿಸುತ್ತಾ 19 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾದೆ. ಆಗಸ್ಟಿನಲ್ಲಿ ನಮ್ಮ ಗ್ಯಾರೇಜ್ ಮಧ್ಯಾಹ್ನ 27 ಡಿಗ್ರಿ ದಾಟುತ್ತದೆ. (ಈ ಭಾಗ ಯಾವಾಗಲೂ ತಂಪು ಅಂದುಕೊಂಡಿರುವವರಿಗೆ: 2021ರ ಜೂನ್ 28ರಂದು ಪೋರ್ಟ್‌ಲ್ಯಾಂಡ್‌ನಲ್ಲಿ 116 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 46.7 ಸೆಲ್ಸಿಯಸ್ ಮುಟ್ಟಿತ್ತು.)

ಹತ್ತು ದಿನ ಬಿಟ್ಟು ಹೆಂಡತಿಗೆ ಮೂರು ಲೋಟ ಕೊಟ್ಟೆ, ಯಾವುದು ಯಾವುದು ಅಂತ ಹೇಳದೆ. ಮೊದಲನೆಯದನ್ನು ಮೂಸಿ ತಕ್ಷಣ ಪಕ್ಕಕ್ಕಿಟ್ಟಳು. ಬ್ಯಾಂಡೇಜ್. ಎರಡನೆಯದರಲ್ಲಿ ಅದಿಲ್ಲ, ಆದರೆ ಕೊಳೆತ ಹಣ್ಣು. ಮೂರನೆಯದು ಚಪ್ಪಟೆ, ಗ್ಯಾಸಿಲ್ಲ, ಆದರೂ ಶುದ್ಧ. ಅಲ್ಲಿಗೆ ಗೊತ್ತಾಯಿತು. ಎರಡು ದೋಷ, ಎರಡು ಕಾರಣ. ವಾಸನೆ ನೀರಿನದು, ಸುಡುವುದು ಉಷ್ಣಾಂಶದ್ದು.

ನೀರು

ಇಲ್ಲಿ ನಲ್ಲಿ ನೀರಿಗೆ ಕ್ಲೋರಮೈನ್ ಹಾಕುತ್ತಾರೆ. ಅದು ತಪ್ಪಲ್ಲ, ಕೊಳವೆಯ ಕೊನೆಯವರೆಗೂ ನೀರು ಸುರಕ್ಷಿತವಾಗಿರಲೆಂದೇ ಹಾಕುವುದು. ಆದರೆ ಕ್ಲೋರಿನ್ ಆಗಲಿ ಕ್ಲೋರಮೈನ್ ಆಗಲಿ, ಮಾಲ್ಟ್ ಮತ್ತು ಯೀಸ್ಟಿನಿಂದ ಬರುವ ಫೀನಾಲುಗಳ ಜೊತೆ ಸೇರಿದರೆ ಕ್ಲೋರೋಫೀನಾಲ್ ಆಗುತ್ತದೆ. ನೂರು ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಮೂಗು ಹಿಡಿಯುತ್ತದೆ. ಆಸ್ಪತ್ರೆಯ ವಾಸನೆ ಅಲ್ಲಿಂದ ಬಂದದ್ದು.

ನಾನು ಮಾಡುತ್ತಿದ್ದದ್ದು ಊರಿನ ಅಭ್ಯಾಸ: ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೀರು ಹಿಡಿದು ತೆರೆದಿಡುವುದು. ಕ್ಲೋರಿನ್ ಆದರೆ ಹಾಗೆ ಹಾರಿ ಹೋಗುತ್ತದೆ. ಕ್ಲೋರಮೈನ್ ಹೋಗುವುದಿಲ್ಲ. ಅದು ನೀರಿನಲ್ಲೇ ಕೂತಿರುತ್ತದೆ, ಕಾಯಿಸಿದರೂ ಬೇಗ ಬಿಡುವುದಿಲ್ಲ. ಇದಕ್ಕೆ ಮದ್ದು ಕ್ಯಾಂಪ್ಡೆನ್ ಮಾತ್ರೆ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಒಂದು ಮಾತ್ರೆ 20 ಗ್ಯಾಲನ್, ಅಂದರೆ ಸುಮಾರು 75 ಲೀಟರ್ ನೀರಿಗೆ ಸಾಕು. ನನ್ನ 28 ಲೀಟರಿಗೆ ಅರ್ಧ ಮಾತ್ರೆ ಪುಡಿಮಾಡಿ ಕದಡಿದರೆ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಐದು ಸೆಂಟು ಕೂಡ ಆಗದ ಪುಡಿಯಿಂದ 48 ಬಾಟಲಿ ಉಳಿಯುತ್ತಿತ್ತು ಅನ್ನುವುದು ನನಗೆ ಈಗಲೂ ಸಂಕಟ ತರುತ್ತದೆ.

ತಂಪಿನ ಪೆಟ್ಟಿಗೆ

ಉಷ್ಣಾಂಶಕ್ಕೆ ಮಾತ್ರೆ ಇಲ್ಲ. ಯೀಸ್ಟ್ ಸಕ್ಕರೆ ತಿನ್ನುವಾಗ ಅದೇ ಶಾಖ ಹೊರಡಿಸುತ್ತದೆ. ಜೋರಾಗಿ ಹುದುಗುವ ದಿನಗಳಲ್ಲಿ ಬಿಯರ್ ಸುತ್ತಲಿನ ಗಾಳಿಗಿಂತ ಮೂರರಿಂದ ಐದು ಡಿಗ್ರಿ ಜಾಸ್ತಿ ಇರುತ್ತದೆ. ಗ್ಯಾರೇಜ್ 27 ಅಂದರೆ ಫರ್ಮೆಂಟರಿನ (ಬಿಯರ್ ಹುದುಗುವ ಪಾತ್ರೆ) ಒಳಗೆ 30. ಬ್ಲಾಂಡ್‌ಗೆ ಬೇಕಾದದ್ದು 18. ಐಸ್ ಬಾಟಲಿ ಸಣ್ಣ ಜಾಡಿಗೆ ಸರಿ, 20 ಲೀಟರಿಗೆ ಅದು ಹೆಣಗಾಟ.

ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ 60 ಡಾಲರಿಗೆ ಒಂದು ಚೆಸ್ಟ್ ಫ್ರೀಜರ್ ಸಿಕ್ಕಿತು. ಮೇಲಿನಿಂದ ಮುಚ್ಚಳ ತೆರೆಯುವಂಥದ್ದು, 7 ಘನ ಅಡಿ, ಅಂದರೆ ಸುಮಾರು 200 ಲೀಟರ್. ಮನೆಗೆ ತಂದು, ಸೋಡಾಪುಡಿ ನೀರಿನಲ್ಲಿ ಎರಡು ಸಲ ಒರೆಸಿ, ಫರ್ಮೆಂಟರನ್ನು ಒಳಗಿಟ್ಟರೆ ಮುಚ್ಚಳ ಕೂರಲಿಲ್ಲ. ಅದರ ಮೇಲಿನ ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಕೊಳವೆ) ನಾಲ್ಕು ಸೆಂಟಿಮೀಟರ್ ಮೇಲೆ ಬಂದಿತ್ತು.

ಹಾಗಾಗಿ ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ ಮರದ ಚೌಕಟ್ಟು ಕಟ್ಟಬೇಕಾಯಿತು. ಇಲ್ಲಿ 'ಎರಡು ಬೈ ಆರು' ಅಂತ ಕರೆಯುವ ಹಲಗೆ. ಹೆಸರಿಗೆ ಆರು ಇಂಚು, ಅಳೆದರೆ ಐದೂವರೆ. ಪೆಟ್ಟಿಗೆಯ ಅಂಚಿನ ಹೊರ ಅಳತೆಗೆ ನಾಲ್ಕು ತುಂಡು ಕತ್ತರಿಸಿ, ಮೂಲೆಗಳನ್ನು ಎಲ್ ಆಕಾರದ ಪಟ್ಟಿಯಿಂದ ಬಿಗಿದೆ. ಕರ್ಣಗಳನ್ನು ಅಳೆದು ನೋಡುವುದು ಮುಖ್ಯ. ನನ್ನದು ಮೊದಲು ಆರು ಮಿಲಿಮೀಟರ್ ಓರೆ ಇತ್ತು, ಅಷ್ಟಕ್ಕೇ ಮುಚ್ಚಳ ಒಂದು ಮೂಲೆಯಲ್ಲಿ ಎದ್ದು ನಿಲ್ಲುತ್ತಿತ್ತು. ಬಿಚ್ಚಿ ಮತ್ತೆ ಕಟ್ಟಿದೆ. ಕೆಳಗಡೆ ಸಿಲಿಕೋನ್ ಹಚ್ಚಿ ಪೆಟ್ಟಿಗೆಗೆ ಕೂರಿಸಿ, ಮೇಲ್ಗಡೆ ಬಾಗಿಲಿಗೆ ಅಂಟಿಸುವ ರಬ್ಬರ್ ಪಟ್ಟಿ, ಒಳಗೆ ಒಂದು ಇಂಚಿನ ಫೋಮ್ ಹಲಗೆ. ಹಿಂಜುಗಳನ್ನು ಪೆಟ್ಟಿಗೆಯಿಂದ ತೆಗೆದು ಚೌಕಟ್ಟಿಗೆ ಹಾಕಿದೆ. ಚೆಸ್ಟ್ ಫ್ರೀಜರಿನ ಹಿಂಜಿನಲ್ಲಿ ಗಟ್ಟಿ ಸ್ಪ್ರಿಂಗ್ ಇರುತ್ತದೆ. ಅದನ್ನು ಬಿಚ್ಚುವಾಗ ಮುಖ ದೂರ ಇರಲಿ.

ತೂತು ಕೊರೆದದ್ದು ಚೌಕಟ್ಟಿನ ಮರದಲ್ಲಿ ಮಾತ್ರ. ಪೆಟ್ಟಿಗೆಯ ಗೋಡೆಯಲ್ಲಿ ತಂಪು ದ್ರವ ಹರಿಯುವ ಕೊಳವೆ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ಅಲ್ಲಿ ಡ್ರಿಲ್ ಇಟ್ಟರೆ ಫ್ರೀಜರ್ ಅಲ್ಲಿಗೇ ಮುಗಿಯಿತು.

ತೂತಿನಿಂದ ಮೂರು ತಂತಿ ಒಳಗೆ ಹೋದವು. ಉಷ್ಣಾಂಶ ಅಳೆಯುವ ಪ್ರೋಬ್, ಹಲ್ಲಿ ಆಮೆ ಸಾಕುವವರು ಬಳಸುವ 40 ವಾಟಿನ ಶಾಖದ ಹಾಸು, ಮತ್ತು ಹಳೇ ಕಂಪ್ಯೂಟರಿನಿಂದ ತೆಗೆದ 12 ವೋಲ್ಟಿನ ಫ್ಯಾನ್. ಹೊರಗೆ ಗೋಡೆಗೆ ಇಂಕ್‌ಬರ್ಡ್ ಕಂಟ್ರೋಲರ್. ಅದರಲ್ಲಿ ಎರಡು ಸಾಕೆಟ್: ಒಂದಕ್ಕೆ ಫ್ರೀಜರ್, ಇನ್ನೊಂದಕ್ಕೆ ಶಾಖದ ಹಾಸು. ಬಿಸಿ ಜಾಸ್ತಿಯಾದರೆ ಫ್ರೀಜರ್ ಓಡುತ್ತದೆ, ತಣ್ಣಗಾದರೆ ಹಾಸು.

ಬಿಯರ್ ಹಾಕುವ ಮೊದಲು ಬಕೆಟ್ಟಿನಲ್ಲಿ 20 ಲೀಟರ್ ನೀರಿಟ್ಟು ಒಂದು ದಿನ ಓಡಿಸಿದೆ. ಪ್ರೋಬ್ ಗಾಳಿಯಲ್ಲಿ ನೇತಾಡುತ್ತಿತ್ತು. ಫ್ರೀಜರ್ ನಿಮಿಷಕ್ಕೊಮ್ಮೆ ಏಳುವುದು, ಆರುವುದು. ಹೀಗೆ ಓಡಿದರೆ ಕಂಪ್ರೆಸರ್ ವರ್ಷ ಬಾಳುವುದಿಲ್ಲ. ಪ್ರೋಬನ್ನು ಬಕೆಟ್ಟಿನ ಮೈಗೆ ಒತ್ತಿ, ಮೇಲೆ ಫೋಮ್ ತುಂಡು ಇಟ್ಟು ಟೇಪ್ ಸುತ್ತಿದೆ. ಈಗ ಅದು ಗಾಳಿಯನ್ನಲ್ಲ, ನೀರನ್ನು ಅಳೆಯುತ್ತದೆ. ಕಂಪ್ರೆಸರ್ ಆರಿದ ಮೇಲೆ ಹತ್ತು ನಿಮಿಷ ಏಳಬಾರದು ಅಂತ ಕಂಟ್ರೋಲರಿನಲ್ಲಿ ಹೊಂದಿಸಿದೆ. 24 ಡಿಗ್ರಿಯ ನೀರು ಐದು ಗಂಟೆಯಲ್ಲಿ 18ಕ್ಕೆ ಬಂತು, ಆಮೇಲೆ 17.3ಕ್ಕೆ ಇಳಿದು ನಿಂತಿತು. ಗೋಡೆಯಲ್ಲಿ ಉಳಿದ ತಂಪು ಆಮೇಲೂ ಕೆಲಸ ಮಾಡುತ್ತದಲ್ಲ, ಅದಕ್ಕೆ. ಫ್ಯಾನ್ ಹಾಕಿದ ಮೇಲೆ ಆ ಏರಿಳಿತ ಅರ್ಧ ಡಿಗ್ರಿಗೆ ಬಂತು. ಅಷ್ಟು ಸಾಕು.

ಒಂದು ಎಚ್ಚರಿಕೆಯನ್ನು ಗಂಭೀರವಾಗಿ ಹೇಳುತ್ತೇನೆ. ಬಿಯರ್ ಹುದುಗುವಾಗ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅದು ಗಾಳಿಗಿಂತ ಭಾರ, ಪೆಟ್ಟಿಗೆಯ ತಳದಲ್ಲಿ ತುಂಬಿರುತ್ತದೆ. ಮುಚ್ಚಳ ತೆರೆದ ಕೂಡಲೇ ತಲೆ ಒಳಗೆ ಹಾಕಬೇಡಿ. ಸ್ವಲ್ಪ ಹೊತ್ತು ತೆರೆದಿಟ್ಟು ಗಾಳಿಯಾಡಿಸಿ. ಮಕ್ಕಳಿರುವ ಮನೆಯಲ್ಲಿ ಬೀಗ ಇರಲೇಬೇಕು.

ನವೆಂಬರಿನ ಶನಿವಾರ

ಸಾಮಾನಿನ ಪಟ್ಟಿ ಚಿಕ್ಕದು. ಟೂ-ರೋ ಬಾರ್ಲಿ ಮಾಲ್ಟ್ 3.6 ಕಿಲೋ, ವಿಯೆನ್ನಾ ಮಾಲ್ಟ್ 450 ಗ್ರಾಂ, ತಿಳಿ ಕ್ರಿಸ್ಟಲ್ ಮಾಲ್ಟ್ 225 ಗ್ರಾಂ. ಹಾಪ್ಸ್ ವಿಲಾಮೆಟ್ 25 ಗ್ರಾಂ, ಕ್ಯಾಸ್ಕೇಡ್ 20 ಗ್ರಾಂ. ಸೇಫೇಲ್ ಯುಎಸ್-05 ಯೀಸ್ಟ್ ಒಂದು ಪೊಟ್ಟಣ, 11.5 ಗ್ರಾಂ. ಕ್ರಿಸ್ಟಲ್ ಮಾಲ್ಟನ್ನು ಮೊದಲ ಸಲ ಇದರ ಎರಡರಷ್ಟು ಹಾಕಿದ್ದೆ. ಬೇಡ. ಬ್ಲಾಂಡ್ ಕ್ಯಾರಮೆಲ್ ಮಿಠಾಯಿ ಆಗಬಾರದು.

ಹಾಪ್ಸ್ ಎರಡೂ ಈ ನೆಲದ್ದೇ ಅನ್ನುವುದು ನನಗೆ ತುಂಬಾ ಇಷ್ಟದ ಸಂಗತಿ. ನಮ್ಮ ಮನೆಯಿಂದ ದಕ್ಷಿಣಕ್ಕೆ ಹೊರಟರೆ ವಿಲಾಮೆಟ್ ಕಣಿವೆಯ ಹಾಪ್ಸ್ ತೋಟಗಳು ಸಿಗುತ್ತವೆ. ಎತ್ತರದ ಕಂಬಗಳ ನಡುವೆ ಕಟ್ಟಿದ ದಾರಕ್ಕೆ ಬಳ್ಳಿ ಹಬ್ಬಿರುತ್ತದೆ. ದೂರದಿಂದ ನೋಡಿದರೆ ನಮ್ಮ ಎಲೆತೋಟದ ನೆನಪು. ಕ್ಯಾಸ್ಕೇಡ್ ತಳಿಯನ್ನು ಇದೇ ಕಣಿವೆಯ ಕೊರ್ವಾಲಿಸ್‌ನಲ್ಲಿ ಬೆಳೆಸಿ 1972ರಲ್ಲಿ ಬಿಡುಗಡೆ ಮಾಡಿದರು. ಇಂಗ್ಲೆಂಡಿನ ಫಗಲ್ ತಳಿಯಿಂದ ಬಂದ ವಿಲಾಮೆಟ್ 1976ರದು. ವಿಲಾಮೆಟ್‌ನಲ್ಲಿ ಒಣ ಸೊಪ್ಪಿನ, ಸ್ವಲ್ಪ ಮಸಾಲೆಯ ಕಂಪು. ಕ್ಯಾಸ್ಕೇಡ್‌ನಲ್ಲಿ ಚಕ್ಕೋತದ ಸಿಪ್ಪೆಯ ಕಂಪು. ಅದನ್ನು ಕೊನೆಗೆ, ಚಿಟಿಕೆಯಷ್ಟು.

ನೀರು 28 ಲೀಟರ್, ಅರ್ಧ ಕ್ಯಾಂಪ್ಡೆನ್ ಮಾತ್ರೆ. ಇಲ್ಲಿನ ನೀರು ತುಂಬಾ ಮೆದು, ಅದರಲ್ಲಿ ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್, 2 ಗ್ರಾಂ ಜಿಪ್ಸಮ್ ಸೇರಿಸಿದೆ. ಕ್ಲೋರೈಡ್ ಜಾಸ್ತಿ ಇದ್ದರೆ ಮಾಲ್ಟ್ ದುಂಡಗೆ ಕಾಣುತ್ತದೆ, ಸಲ್ಫೇಟ್ ಜಾಸ್ತಿಯಾದರೆ ಕಹಿ ಚೂಪಾಗುತ್ತದೆ. ಬ್ಲಾಂಡ್‌ಗೆ ಮೊದಲನೆಯದು ಬೇಕು.

ನೀರು 69 ಡಿಗ್ರಿಗೆ ಬಂದಾಗ ದೊಡ್ಡ ಬಟ್ಟೆ ಚೀಲವನ್ನು ಪಾತ್ರೆಯೊಳಗೆ ಹರಡಿ, ತರಿಯಾಗಿ ಒಡೆದ ಮಾಲ್ಟ್ ಸುರಿದೆ. 66ಕ್ಕೆ ನಿಂತಿತು. ಮುಚ್ಚಿ, ಮೇಲೆ ಹಳೇ ಕಂಬಳಿ ಹೊದಿಸಿ ಒಂದು ಗಂಟೆ. ಆಗ ಬರುವ ಪರಿಮಳ ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯ. ಮೊಳಕೆ ಕಟ್ಟಿಸಿ ಹುರಿದ ರಾಗಿಯ ಹಿಟ್ಟಿಗೆ ಬಿಸಿ ಹಾಲು ಹಾಕಿದ ಹಾಗೆ. ವಿಷಯವೂ ಅದೇ ಅಲ್ವಾ? ಮೊಳಕೆ ಬಂದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ. ರಾಗಿ ಮಾಲ್ಟ್ ಮಗುವಿಗೆ ಸುಲಭವಾಗಿ ಅರಗುವುದೂ ಅದರಿಂದಲೇ. ಇಲ್ಲಿ ಅದೇ ಕಿಣ್ವ 66 ಡಿಗ್ರಿಯಲ್ಲಿ ಒಂದು ಗಂಟೆ ಕೆಲಸ ಮಾಡಿ ನೀರನ್ನು ಸಿಹಿ ಮಾಡುತ್ತದೆ. ಆ ಸಿಹಿನೀರಿಗೆ ವರ್ಟ್ ಅನ್ನುತ್ತಾರೆ. ಉಷ್ಣಾಂಶ 69 ದಾಟಿದರೆ ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿದು ಬಿಯರ್ ಅಂಟಂಟಾಗುತ್ತದೆ. 64ಕ್ಕೆ ಇಳಿದರೆ ತೀರಾ ಒಣಗುತ್ತದೆ.

ಚೀಲ ಎತ್ತಿ, ನೇತುಹಾಕಿ, ಹಿಂಡಿದೆ. ಹಿಪ್ಪೆ ಪಕ್ಕದ ಮನೆಯ ಕೋಳಿಗಳಿಗೆ.

ಕುದಿಸುವುದು 60 ನಿಮಿಷ, ಮುಚ್ಚಳ ತೆಗೆದು. ತಿಳಿ ಮಾಲ್ಟಿನಲ್ಲಿ ಒಂದು ಗಂಧಕದ ಅಂಶವಿದೆ. ಆವಿಯಲ್ಲಿ ಅದು ಹೊರಗೆ ಹೋಗಬೇಕು. ಮುಚ್ಚಿ ಕುದಿಸಿದರೆ ಬೇಯಿಸಿದ ಮುಸುಕಿನ ಜೋಳದ ವಾಸನೆ ಬಿಯರಿನಲ್ಲಿ ಉಳಿಯುತ್ತದೆ. ಕುದಿ ಬಂದ ಕೂಡಲೇ ವಿಲಾಮೆಟ್, ಕೊನೆಯ 10 ನಿಮಿಷಕ್ಕೆ ಕ್ಯಾಸ್ಕೇಡ್. ಲೆಕ್ಕದ ಪ್ರಕಾರ ಒಟ್ಟು ಕಹಿ 19 ಐಬಿಯು ಹತ್ತಿರ. ಹಾಪ್ಸ್ ಬೇಗ ಹಾಕಿದರೆ ಕಹಿ ಕೊಡುತ್ತದೆ, ತಡವಾಗಿ ಹಾಕಿದರೆ ಕಂಪು ಕೊಡುತ್ತದೆ.

ಕೊನೆಗೆ ಐರಿಷ್ ಮಾಸ್ ಒಂದು ಚಮಚ. ಇದು ಕಡಲಪಾಚಿ, ಬಿಯರ್ ತಿಳಿಯಾಗಲು. ಬಹಳ ಮಂದಿ ಆಮೇಲೆ ಜೆಲಟಿನ್ ಹಾಕಿ ತಿಳಿ ಮಾಡುತ್ತಾರೆ. ಅದು ಪ್ರಾಣಿಯ ಮೂಳೆ ಚರ್ಮದಿಂದ ಬರುವುದು. ನಮ್ಮ ಮನೆಗೆ ಬರುವ ಸ್ನೇಹಿತರಲ್ಲಿ ಸಸ್ಯಾಹಾರಿಗಳೇ ಜಾಸ್ತಿ. ಅವರಿಗೆ ಗೊತ್ತಾಗದ ಹಾಗೆ ಅದನ್ನು ಕುಡಿಸುವುದು ನನಗೆ ಸರಿ ಕಾಣುವುದಿಲ್ಲ. ಪಾಚಿ ಹಾಕಿ, ತಣ್ಣಗಿಟ್ಟು, ಕಾದರೆ ಬಿಯರ್ ತಾನೇ ತಿಳಿಯಾಗುತ್ತದೆ. ಸಮಯ ಬೇಕು ಅಷ್ಟೇ.

ತಾಮ್ರದ ಸುರುಳಿ ಇಳಿಬಿಟ್ಟು, ಅದರೊಳಗೆ ತಣ್ಣೀರು ಹರಿಸಿ 18 ಡಿಗ್ರಿಗೆ ತಂದೆ. ಸಕ್ಕರೆ ಎಷ್ಟಿದೆ ಅಂತ ಸಾಂದ್ರತೆಯಿಂದ ಅಳೆಯುವ ಹೈಡ್ರೋಮೀಟರ್ 1.044 ತೋರಿಸಿತು. ಇಲ್ಲಿಂದ ಮುಂದೆ ಬಿಯರ್ ಮುಟ್ಟುವ ಪ್ರತಿಯೊಂದೂ ಸ್ಟಾರ್ ಸ್ಯಾನ್ ಅನ್ನುವ ಕ್ರಿಮಿನಾಶಕ ಬೆರೆಸಿದ ನೀರಿನಲ್ಲಿ ಅದ್ದಿದ್ದಾಗಿರಬೇಕು. ಯೀಸ್ಟ್ ಉದುರಿಸಿ, ಪೆಟ್ಟಿಗೆಯೊಳಗೆ ಇಳಿಸಿ, ಪ್ರೋಬ್ ಅಂಟಿಸಿ ಮುಚ್ಚಿದೆ. ಮೊದಲ ಸಲ ನಾನು 29 ಡಿಗ್ರಿಯಲ್ಲೇ ಯೀಸ್ಟ್ ಹಾಕಿ, ಆಮೇಲೆ ತಣ್ಣಗಾಗುತ್ತದೆ ಬಿಡು ಅಂದುಕೊಂಡಿದ್ದೆ. ಗಂಟಲು ಸುಡುವ ಆಲ್ಕೋಹಾಲ್ ಹುಟ್ಟುವುದೇ ಆ ಮೊದಲ ಎರಡು ದಿನದಲ್ಲಿ.

ಕಾಯುವ ದಿನಗಳು

ಮಾರನೆಯ ಬೆಳಿಗ್ಗೆ ಏರ್‌ಲಾಕ್ ಗುಳುಗುಳು ಅನ್ನುತ್ತಿತ್ತು. ಗ್ಯಾರೇಜ್ 9 ಡಿಗ್ರಿ. ಆದರೂ ಎರಡನೆಯ ದಿನ ಓಡಿದ್ದು ಶಾಖದ ಹಾಸಲ್ಲ, ಫ್ರೀಜರ್. ಹೊರಗೆ ಅಷ್ಟು ಚಳಿ ಇದ್ದರೂ ಯೀಸ್ಟ್ ತನ್ನ ಶಾಖದಿಂದಲೇ ಮೇಲೇರಲು ನೋಡುತ್ತಿತ್ತು! ಐದನೆಯ ದಿನ ಗುಳುಗುಳು ನಿಧಾನವಾದಾಗ 20.5ಕ್ಕೆ ಏರಿಸಿದೆ. ಕೆಲಸ ಮುಗಿಸುವ ಹೊತ್ತಿಗೆ ಯೀಸ್ಟಿಗೆ ಸ್ವಲ್ಪ ಬೆಚ್ಚಗಿದ್ದರೆ, ತಾನೇ ಬಿಟ್ಟಿದ್ದ ಬೆಣ್ಣೆಯಂಥ, ಹಸಿ ಸೇಬಿನಂಥ ರುಚಿಗಳನ್ನು ತಾನೇ ತಿಂದು ಮುಗಿಸುತ್ತದೆ. ಹಾಸು ಆಗ ಓಡಿತು.

ಹತ್ತನೆಯ ದಿನ 1.009. ಹನ್ನೆರಡನೆಯ ದಿನವೂ 1.009. ಎರಡು ಸಲ ಒಂದೇ ಅಂಕಿ ಬರುವವರೆಗೆ ಬಾಟಲಿಗೆ ಹಾಕಬಾರದು, ಬಾಟಲಿ ಸಿಡಿದೀತು. ಆಲ್ಕೋಹಾಲ್ ಲೆಕ್ಕ: ಎರಡು ಅಂಕಿಗಳ ವ್ಯತ್ಯಾಸವನ್ನು 131ರಿಂದ ಗುಣಿಸಿದರೆ ಶೇ 4.6. ಆಮೇಲೆ 2 ಡಿಗ್ರಿಗೆ ಇಳಿಸಿ ಎರಡು ವಾರ ಬಿಟ್ಟೆ. ಕೋಲ್ಷ್‌ನವರಿಂದ ಕಲಿತ ಪಾಠ ಇದು. ಬ್ಲಾಂಡ್‌ಗೆ ಇದು ಬೇಕೇ ಬೇಕು ಅಂತ ಯಾರೂ ಹೇಳುವುದಿಲ್ಲ. ಆದರೆ ತಿಳಿಯಾಗಿದ್ದಷ್ಟೇ ಅಲ್ಲ, ರುಚಿಯ ಅಂಚುಗಳೂ ನಯವಾದವು.

ಬಾಟಲಿಗೆ ಹಾಕುವ ದಿನ ಮಾಮೂಲಿ ಸಕ್ಕರೆ 115 ಗ್ರಾಂ ನೀರಿನಲ್ಲಿ ಕುದಿಸಿ, ಆರಿಸಿ, 18 ಲೀಟರಿಗೆ ಬೆರೆಸಿದೆ. ಕಂದು ಬಣ್ಣದ ಬಾಟಲಿಯೇ ಆಗಬೇಕು. ತಿಳಿ ಗಾಜಿನಲ್ಲಿ ಬೆಳಕು ಬಿದ್ದರೆ ಹಾಪ್ಸ್ ಕೆಟ್ಟ ನಾತ ಹೊಡೆಯುತ್ತದೆ. 50 ಬಾಟಲಿ ಆಯಿತು. ಎರಡು ವಾರ 21 ಡಿಗ್ರಿಯಲ್ಲಿ, ಗ್ಯಾಸ್ ತುಂಬಲು.

ಲೋಟ

ಡಿಸೆಂಬರಿನ ಕೊನೆಯ ವಾರ ಮೊದಲ ಬಾಟಲಿ ತೆರೆದದ್ದು. ಐಸ್‌ನಂತೆ ತಣ್ಣಗಿರುವಾಗ ಸುರಿಯಬೇಡಿ. 6 ಡಿಗ್ರಿ ಸರಿ. ಅದಕ್ಕಿಂತ ತಣ್ಣಗಿದ್ದರೆ ಮಾಲ್ಟ್ ಬಾಯಿ ಬಿಡುವುದಿಲ್ಲ. ಬಾಟಲಿಯಿಂದಲೇ ಕುಡಿಯುವುದಕ್ಕೂ ನಾನು ಒಪ್ಪುವುದಿಲ್ಲ. ಇಂಥ ಮೆಲ್ಲಗಿನ ಬಿಯರಿನ ಅರ್ಧ ಸುಖ ಮೂಗಿನಲ್ಲಿದೆ. ನೊರೆ ಎರಡು ಬೆರಳು, ಬಿಳಿ. ಲೋಟದ ಆಚೆ ಹೆಂಡತಿಯ ಕೈಬಳೆಯ ಕೆತ್ತನೆ ಕಾಣುವಷ್ಟು ತಿಳಿ. ಮೊದಲು ಬ್ರೆಡ್ಡಿನ ಒಳಭಾಗದ ಪರಿಮಳ, ಚೂರು ಜೇನು, ಹಿಂದೆ ಎಲ್ಲೋ ಚಕ್ಕೋತ. ನುಂಗಿದ ಮೇಲೆ ಕಹಿ ಬಂದು ಹೋಯಿತು, ನಿಲ್ಲಲಿಲ್ಲ.

ಅವಳು ಬಹಳ ಹೊತ್ತು ಮೂಸಿದಳು. "ಬ್ಯಾಂಡೇಜ್ ಇಲ್ಲ" ಅಂದಳು. ಆಮೇಲೆ ಕುಡಿದಳು.

ಜೊತೆಗೆ ಕೋಡುಬಳೆ, ಕಾಂಗ್ರೆಸ್ ಕಡಲೆಕಾಯಿ, ಮೆಣಸಿನಕಾಯಿ ಬಜ್ಜಿ ಇತ್ತು. ಇದನ್ನು ನಮ್ಮ ತಿಂಡಿ ಮುಂದಿಟ್ಟುಕೊಂಡು ಕುಡಿಯುವವರೇ ನಿಜವಾಗಿ ತಿಳಿಯುತ್ತಾರೆ. ಖಾರದ ಜೊತೆ ಐಪಿಎ ಕುಡಿದರೆ ಹಾಪ್ಸಿನ ಕಹಿ ಖಾರವನ್ನು ಇನ್ನೂ ಉರಿಸುತ್ತದೆ. ಬ್ಲಾಂಡ್‌ನಲ್ಲಿ ಕಹಿ ಕಡಿಮೆ, ಮಾಲ್ಟಿನ ಸಣ್ಣ ಸಿಹಿ ನಾಲಿಗೆಯನ್ನು ತಣಿಸುತ್ತದೆ, ಗ್ಯಾಸು ಎಣ್ಣೆಯನ್ನು ತೊಳೆಯುತ್ತದೆ. ಬಜ್ಜಿಗೆ ಇಷ್ಟು ಚೆನ್ನಾಗಿ ಹೊಂದುವ ಬಿಯರ್ ನಾನು ಇನ್ನೊಂದು ಕಂಡಿಲ್ಲ. ಕಾಂಗ್ರೆಸ್ ಕಡಲೆಕಾಯಿಯ ಇಂಗು ಮಾತ್ರ ಸ್ವಲ್ಪ ಮೇಲುಗೈ ಆಯಿತು.

ಪಕ್ಕದಲ್ಲಿ ಒಂದು 805 ಇಟ್ಟು ಹೋಲಿಸಿದೆ. ನನ್ನದು ಕೊನೆಯಲ್ಲಿ ಅದಕ್ಕಿಂತ ಒಣ, ಬೇಕೆಂದದ್ದೂ ಅದೇ. ನೊರೆ ಅದರದ್ದು ಜಾಸ್ತಿ ಹೊತ್ತು ನಿಂತಿತು.

ಜನವರಿ ನಡುವೆ ತೆರೆದ ಬಾಟಲಿಗಳಲ್ಲಿ ಕೆಲವದರಲ್ಲಿ ಒಂದು ಹೊಸ ರುಚಿ ಸಿಕ್ಕಿದೆ. ಒದ್ದೆ ರಟ್ಟಿನ ಹಾಗೆ, ತೀರಾ ಸಣ್ಣಗೆ. ಅದು ಗಾಳಿ ಸೇರಿದ್ದರ ಗುರುತು. ಬಾಟಲಿ ತುಂಬುವಾಗ ಬಕೆಟ್ ಖಾಲಿಯಾಗುತ್ತಾ ಬಂದಂತೆ ಕೊಳವೆ ಗಾಳಿ ಎಳೆದು ಬುಸುಗುಟ್ಟಿತ್ತು, ನೆನಪಿದೆ. ಅದೃಷ್ಟಕ್ಕೆ ಮುಚ್ಚಳದ ಮೇಲೆ ತುಂಬಿದ ಕ್ರಮದ ಸಂಖ್ಯೆ ಬರೆದಿದ್ದೆ. ರಟ್ಟಿನ ರುಚಿ ಬಂದದ್ದು 41, 44, 47. 30ಕ್ಕಿಂತ ಕೆಳಗಿನ ಯಾವುದರಲ್ಲೂ ಇಲ್ಲ. ಮುಂದಿನ ಸಲ ಬಕೆಟ್ಟನ್ನು ಒಂದು ಕಡೆಗೆ ಓರೆ ಮಾಡಿ ಇಟ್ಟು, ಕೊನೆಯ ಒಂದು ಲೀಟರ್ ಬಿಟ್ಟುಬಿಡುತ್ತೇನೆ. ಬೇರೆ ಏನನ್ನೂ ಬದಲಾಯಿಸುವುದಿಲ್ಲ. 48, 49, 50ನೆಯ ಬಾಟಲಿಗಳನ್ನು ಫ್ರಿಜ್ಜಿನ ಹಿಂದೆ ಇಟ್ಟಿದ್ದೇನೆ, ಹೊಸ ಬ್ಯಾಚಿನ ಪಕ್ಕದಲ್ಲಿಟ್ಟು ಮೂಸಲು.